ಸುಣ್ಣ ಮೊದಲು, ಸೈನೈಡ್ ಆಮೇಲೆ

ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿ ಸೈನೈಡ್ ಎಂದರೆ ಪತ್ತೇದಾರಿ ಕಾದಂಬರಿಯ ವಿಷವಲ್ಲ, ಊರಿನ ಒಂದು ಗುರುತು. ಬೂದುಬಣ್ಣದ, ನೆತ್ತಿ ಚಪ್ಪಟೆಯಾದ ಸೈನೈಡ್ ದಿಬ್ಬಗಳನ್ನು ನೋಡದೆ ಈ ಊರಿನಲ್ಲಿ ಯಾರೂ ಓಡಾಡಲಾರರು. ಗಣಿಯಿಂದ ಮೇಲೆ ತಂದ ಕಲ್ಲನ್ನು ಮಿಲ್‌ನಲ್ಲಿ ಹಿಟ್ಟು ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿಕೊಂಡು, ಉಳಿದದ್ದನ್ನು ಸುರಿದ ರಾಶಿಗಳಿವು. 2001ರ ಫೆಬ್ರುವರಿ 28ರಂದು ಗಣಿ ನಡೆಸುತ್ತಿದ್ದ ಬಿಜಿಎಂಎಲ್ ಕಂಪನಿ ಬಾಗಿಲು ಮುಚ್ಚಿದ ಮೇಲೆ ದಿಬ್ಬಗಳಷ್ಟೇ ಉಳಿದವು. 2018ರಲ್ಲಿ ಬಂದ ‘ಕೆಜಿಎಫ್’ ಸಿನಿಮಾದ ಒಂದಷ್ಟು ಚಿತ್ರೀಕರಣ ನಡೆದದ್ದೂ ಇಂಥ ದಿಬ್ಬದ ಮೇಲೆಯೇ.

ಈಗ ಇದನ್ನೆಲ್ಲ ಎತ್ತಲು ಕಾರಣವಿದೆ. ದಿಬ್ಬಗಳಲ್ಲಿ ಅಳಿದುಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಒಟ್ಟು 13 ದಿಬ್ಬ, ಸುಮಾರು ಸಾವಿರ ಎಕರೆ, ಅಂದಾಜು 3.3 ಕೋಟಿ ಟನ್ ಹುಡಿ. ಇಂಥ ಹುಡಿಯಿಂದ ಚಿನ್ನ ತೆಗೆಯಲು ಜಗತ್ತು ಇವತ್ತಿಗೂ ಹೆಚ್ಚಾಗಿ ನೆಚ್ಚಿಕೊಂಡಿರುವುದು ಸೈನೈಡನ್ನೇ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಅದು ಈಗಲೂ ದಿನನಿತ್ಯದ ಕೆಲಸ. ಕೆಜಿಎಫ್‌ನಲ್ಲಿ ಆ ಕೆಲಸ ಶುರುವಾಗುತ್ತದೋ ಇಲ್ಲವೋ, ಸೈನೈಡ್ ಮಾತ್ರ ನಮ್ಮ ನಡುವೆಯೇ ಇದೆ. ಚಿನ್ನದ ಗಿಲೀಟು ಹಾಕುವ ಕೋಣೆಗಳಲ್ಲಿದೆ, ಲೋಹದ ಕೆಲಸದ ಸಣ್ಣ ಘಟಕಗಳಲ್ಲಿದೆ, ಅದಿರು ಮತ್ತು ನೀರು ಪರೀಕ್ಷಿಸುವ ಲ್ಯಾಬ್‌ಗಳಲ್ಲಿದೆ, ಹಳೆ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗದ ಬೀರುವಿನಲ್ಲಿ ಮರೆತುಹೋದ ಬಾಟಲಿಯಾಗಿಯೂ ಇರಬಹುದು. ಅಂಥ ಕಡೆ ಕೆಲಸ ಮಾಡುವವರಿಗೂ ಅವರ ಮನೆಯವರಿಗೂ ಈ ಬರಹ.

ಮಿಲ್ ಕಲಿಸಿದ ಪಾಠ

ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿದ್ದು 1887ರಲ್ಲಿ, ಗ್ಲಾಸ್ಗೋದ ಜಾನ್ ಸ್ಟುವರ್ಟ್ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರಿಗೆ. ಅದಕ್ಕೂ ಮೊದಲು ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ಹುಡಿ ಹರಿಸಿ ಚಿನ್ನ ಹಿಡಿಯುತ್ತಿದ್ದರು. ಪಾದರಸಕ್ಕೆ ಸಿಗದೆ ಜಾರಿಹೋಗುತ್ತಿದ್ದ ನುಣ್ಣನೆಯ ಚಿನ್ನವನ್ನು ಸೈನೈಡ್ ಹಿಡಿದುಕೊಟ್ಟಿತು. ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿದ್ದ ಕೋಲಾರದ ಗಣಿಗಳೂ ಈ ದಾರಿ ಹಿಡಿದವು.

ಆ ಮಿಲ್‌ಗಳಲ್ಲಿ ಒಂದು ಕ್ರಮ ತಪ್ಪುವಂತಿರಲಿಲ್ಲ. ಹುಡಿ ಕಲಸಿದ ನೀರಿಗೆ ಮೊದಲು ಸುಣ್ಣ, ಅದು ಚೆನ್ನಾಗಿ ಬೆರೆತ ಮೇಲೆ ಸೈನೈಡ್. ಸುಣ್ಣ ನೀರನ್ನು ಕ್ಷಾರವಾಗಿಸುತ್ತದೆ. ಪಿಎಚ್ ಹತ್ತೂವರೆಯ ಆಸುಪಾಸು ಇರುವ ತನಕ ಸೈನೈಡ್ ನೀರಿನಲ್ಲೇ ಕರಗಿಕೊಂಡಿರುತ್ತದೆ. ಪಿಎಚ್ ಒಂಬತ್ತರ ಹತ್ತಿರಕ್ಕೆ ಇಳಿಯಿತೋ, ಅದರ ಅರ್ಧಕ್ಕೂ ಹೆಚ್ಚು ಭಾಗ ಹೈಡ್ರೋಜನ್ ಸೈನೈಡ್ ಆಗಿ ಮಾರ್ಪಟ್ಟು ಗಾಳಿಗೆ ಏಳತೊಡಗುತ್ತದೆ. ಈ ವಸ್ತು 26 ಡಿಗ್ರಿಗೇ ಕುದಿಯುತ್ತದೆ. ಕೋಲಾರ ಸೀಮೆಯ ಸಾಧಾರಣ ಮಧ್ಯಾಹ್ನದ ಬಿಸಿಲೇ ಅದಕ್ಕೆ ಸಾಕು. ಇನ್ನು ಆಸಿಡ್ ತಗುಲಿದರೆ ಕೇಳುವುದೇ ಬೇಡ, ಕ್ಷಣದಲ್ಲಿ ಕೋಣೆ ತುಂಬ ಅನಿಲ.

ಸೈನೈಡ್ ಕೆಲಸದ ಸುರಕ್ಷತೆ ಬಹುಪಾಲು ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಸೋಡಿಯಂ ಸೈನೈಡ್, ಪೊಟ್ಯಾಸಿಯಂ ಸೈನೈಡ್ ಎರಡೂ ಬಿಳಿ ಹರಳು ಅಥವಾ ಬಿಲ್ಲೆ. ಒಣಗಿ, ಮುಚ್ಚಿ, ಕ್ಷಾರದ ಜೊತೆಗಿದ್ದರೆ ಅವು ಸುಮ್ಮನಿರುತ್ತವೆ. ಆಸಿಡ್, ತೇವ, ಬೆಂಕಿ ಇವು ಹತ್ತಿರ ಬಂದಾಗಲೇ ಅನಾಹುತ. ಚಿನ್ನದ ಕೆಲಸದ ಕೋಣೆಗಳ ಬಗ್ಗೆ ನನಗೆ ಹೆಚ್ಚು ದಿಗಿಲು ಇರುವುದೂ ಇದೇ ಕಾರಣಕ್ಕೆ. ಅಲ್ಲಿ ಚಿನ್ನ ಶುದ್ಧಿ ಮಾಡಲು ನೈಟ್ರಿಕ್ ಆಸಿಡ್ ಇರುತ್ತದೆ, ಬೆಸುಗೆಯ ಮಸಿ ತೆಗೆಯಲು ಸಲ್ಫ್ಯೂರಿಕ್ ಆಸಿಡ್ ಇರುತ್ತದೆ, ಗಿಲೀಟಿಗೆ ಸೈನೈಡ್ ನೀರು ಇರುತ್ತದೆ. ಎಲ್ಲವೂ ಹತ್ತಡಿ ಕೋಣೆಯಲ್ಲಿ, ಒಂದೇ ಹಲಗೆಯ ಮೇಲೆ, ಬಳಸಿ ಬಿಟ್ಟ ನೀರಿನ ಬಾಟಲಿಗಳಲ್ಲಿ.

ಇಡುವ ಜಾಗ, ಮುಟ್ಟುವ ಕೈ

ಹಾಗಾಗಿ ಮೊದಲ ಕೆಲಸ, ಆಸಿಡ್ಡನ್ನೂ ಸೈನೈಡನ್ನೂ ಬೇರೆ ಮಾಡುವುದು. ಬೇರೆ ಹಲಗೆ ಎಂದರೆ ಸಾಲದು, ಬೇರೆ ಬೀರು ಬೇಕು. ಸಾಧ್ಯವಿದ್ದರೆ ಬೇರೆ ಕೋಣೆಯೇ ಆಗಲಿ. ಮೇಲಿನ ಹಲಗೆಯ ಆಸಿಡ್ ಬಾಟಲಿ ಸೋರಿ ಕೆಳಗಿನ ಸೈನೈಡ್ ಡಬ್ಬಿಗೆ ತೊಟ್ಟಿಕ್ಕುವುದು ಕಲ್ಪನೆಯ ಮಾತಲ್ಲ, ರಾಸಾಯನಿಕ ಕೋಠಿಗಳಲ್ಲಿ ಎಚ್ಚರಿಕೆಯಾಗಿ ಮೊದಲು ಹೇಳಿಕೊಡುವುದೇ ಅದು. ನೈಟ್ರೇಟ್, ಕ್ಲೋರೇಟ್‌ನಂಥ ವಸ್ತುಗಳನ್ನೂ ಸೈನೈಡ್ ಹತ್ತಿರ ಇಡಬಾರದು, ಕಾದರೆ ಸಿಡಿಯುತ್ತವೆ. ಬೀರು ಒಣಗಿದ ಜಾಗದಲ್ಲಿರಲಿ, ಬೀಗವಿರಲಿ, ಕೀ ಒಬ್ಬರ ಹೊಣೆಯಲ್ಲಿರಲಿ. ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬುದು ಪುಸ್ತಕದಲ್ಲಿ ಗ್ರಾಂ ಲೆಕ್ಕದಲ್ಲಿ ಬರೆದಿರಲಿ. 2009ರಲ್ಲಿ ದಕ್ಷಿಣ ಕನ್ನಡದಲ್ಲಿ ಬಯಲಾದ ಸರಣಿ ಕೊಲೆಗಳ ಅಪರಾಧಿ ಒಡವೆ ಕೆಲಸದವನೆಂದು ಹೇಳಿಕೊಂಡೇ ಸೈನೈಡ್ ಕೊಂಡಿದ್ದ. ಲೆಕ್ಕದ ಪುಸ್ತಕವನ್ನು ಕಾಗದದ ಕಿರಿಕಿರಿ ಎಂದುಕೊಳ್ಳುವವರು ಆ ಪ್ರಕರಣವನ್ನು ನೆನೆಯಬೇಕು.

ಡಬ್ಬಿಯ ಮೇಲಿನ ಹೆಸರು ಓದುವಾಗಲೂ ಸ್ವಲ್ಪ ತಿಳಿವಳಿಕೆ ಬೇಕು. ಪಿಯುಸಿ ಲ್ಯಾಬ್‌ಗಳಲ್ಲಿ ಲವಣ ಪರೀಕ್ಷೆಗೆ ಬಳಸುವ ಪೊಟ್ಯಾಸಿಯಂ ಫೆರೋಸೈನೈಡ್ ಹೆಸರಿನಲ್ಲಿ ‘ಸೈನೈಡ್’ ಇದ್ದರೂ ಆ ಮಟ್ಟದ ವಿಷವಲ್ಲ. ಅದರಲ್ಲಿ ಕಬ್ಬಿಣ ಸೈನೈಡನ್ನು ಬಿಗಿಯಾಗಿ ಕಟ್ಟಿಹಾಕಿಕೊಂಡಿರುತ್ತದೆ. ಪೋಷಕರು ಗಾಬರಿಯಾಗಬೇಕಿಲ್ಲ. ಆದರೆ ಅದನ್ನು ಗಾಢ ಆಸಿಡ್ ಹಾಕಿ ಕಾಯಿಸಿದರೆ ಕಟ್ಟು ಸಡಿಲವಾಗಿ ವಿಷಾನಿಲ ಹೊರಬರುತ್ತದೆ. ‘ಹಾಕಿ ನೋಡೋಣ’ ಎನ್ನುವ ವಿದ್ಯಾರ್ಥಿಯನ್ನು ಮೇಷ್ಟ್ರು ತಡೆಯಬೇಕಾದ್ದು ಅಲ್ಲಿ. ಹಿಂದೆ ತಾಮ್ರ ಮತ್ತು ಕ್ಯಾಡ್ಮಿಯಂ ಬೇರ್ಪಡಿಸುವ ಪರೀಕ್ಷೆಗೆ ಅಸಲಿ ಪೊಟ್ಯಾಸಿಯಂ ಸೈನೈಡನ್ನೇ ಬಳಸುವ ರೂಢಿಯಿತ್ತು. ನೀರಿನ ಗಡಸುತನ ಅಳೆಯುವ ಹಳೆ ವಿಧಾನಗಳಲ್ಲೂ ಸೋಡಿಯಂ ಸೈನೈಡ್ ಬರುತ್ತದೆ. ಹಳೆಯ ಲ್ಯಾಬ್‌ಗಳ ಬೀರುವಿನಲ್ಲಿ ಬಾಟಲಿ ಉಳಿದಿರಬಹುದು ಎಂದದ್ದು ಇದಕ್ಕೇ. ಬೇರೆ ವಿಧಾನವಿರುವ ಕಡೆ ಸೈನೈಡ್ ಬಳಸುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಬಳಸಲೇಬೇಕಾದರೆ ಒಬ್ಬರೇ ಇರುವಾಗ ಡಬ್ಬಿ ತೆರೆಯಬೇಡಿ. ಇನ್ನೊಬ್ಬರು ಕಣ್ಣಳತೆಯಲ್ಲಿರಬೇಕು, ಆದರೆ ಅದೇ ಮೇಜಿಗೆ ಬಗ್ಗಿಕೊಂಡಿರಬಾರದು. ಕೆಲಸ ಫ್ಯೂಮ್ ಹುಡ್ ಒಳಗೆ. ಕೈಗೆ ನೈಟ್ರೈಲ್ ಗ್ಲೌಸ್, ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ, ಮೈಗೆ ಏಪ್ರನ್. ದ್ರಾವಣ ಮಾಡುವಾಗ ನೀರಿಗೆ ಮೊದಲು ಸ್ವಲ್ಪ ಕಾಸ್ಟಿಕ್ ಸೋಡಾ ಬೆರೆಸಿ, ಪಿಎಚ್ ಕಾಗದದಲ್ಲಿ ನೋಡಿಕೊಂಡು, ಆಮೇಲೆ ಸೈನೈಡ್. ಅಂದರೆ ಮಿಲ್‌ನವರ ಕ್ರಮವೇ. ಕೈಯಲ್ಲಿ ಗಾಯವಿದ್ದವರು ಆ ದಿನ ಈ ಕೆಲಸಕ್ಕೆ ಕೂರಬಾರದು, ಸೈನೈಡ್ ಚರ್ಮದಿಂದಲೂ ಇಳಿಯುತ್ತದೆ. ತಿಂಡಿ, ಬೀಡಿ, ಎಲೆಅಡಿಕೆ, ಮೊಬೈಲ್ ಎಲ್ಲವೂ ಹೊರಗೆ.

ಒಂದು ಕೆಟ್ಟ ನಂಬಿಕೆಯನ್ನು ಇಲ್ಲೇ ಬಿಡಿಸಬೇಕು. ಕಹಿ ಬಾದಾಮಿ ವಾಸನೆ ಬಂದರೆ ಸೈನೈಡ್ ಸೋರುತ್ತಿದೆ ಎಂದು ಗೊತ್ತಾಗುತ್ತದೆ, ಅಲ್ಲಿಯವರೆಗೆ ಭಯವಿಲ್ಲ ಎಂಬ ಮಾತು ಕಾದಂಬರಿಗಳಿಂದ ಇಳಿದುಬಂದಿದೆ. ಹುಟ್ಟಿನಿಂದಲೇ ಆ ವಾಸನೆ ಹಿಡಿಯಲಾರದವರು ಬೇಕಾದಷ್ಟು ಮಂದಿ ಇದ್ದಾರೆ. ಹಿಡಿಯಬಲ್ಲವರ ಮೂಗೂ ಸ್ವಲ್ಪ ಹೊತ್ತಿಗೆ ಸೋಲುತ್ತದೆ. ಕೆಲಸದ ಜಾಗದ ಗಾಳಿಯಲ್ಲಿ ಹೈಡ್ರೋಜನ್ ಸೈನೈಡ್ ಯಾವ ಕ್ಷಣದಲ್ಲೂ 4.7 ಪಿಪಿಎಂ ದಾಟಬಾರದೆಂದು ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಸ್ಥೆ ಹೇಳುತ್ತದೆ. 50 ಪಿಪಿಎಂ ಎಂದರೆ ಪ್ರಾಣಕ್ಕೇ ಸಂಚಕಾರ. ಇದನ್ನು ಅಳೆಯಲು ಜೇಬಿಗೆ ಸಿಕ್ಕಿಸಿಕೊಳ್ಳುವ ಮೀಟರ್‌ಗಳಿವೆ. ದಿನವೂ ಸೈನೈಡ್ ಬಳಸುವ ಘಟಕದಲ್ಲಿ ಅದಿಲ್ಲದಿದ್ದರೆ ಕೆಲಸಗಾರ ಕೇಳಬೇಕು.

ಚೆಲ್ಲಿದಾಗ

ಪುಡಿ ಚೆಲ್ಲಿದ ಕೂಡಲೇ ಬಕೆಟ್ ನೀರು ತಂದು ಸುರಿಯುವುದು ನಮ್ಮ ಮನೆಗಳ ಅಭ್ಯಾಸ. ಇಲ್ಲಿ ಅದು ಕೂಡದು. ಒಣ ಪುಡಿಯನ್ನು ಒಣಗಿದ್ದಂತೆಯೇ, ಧೂಳೇಳದಂತೆ, ಗ್ಲೌಸ್ ಮತ್ತು ಮುಖಕವಚ ಹಾಕಿಕೊಂಡು ಗೋರಿ, ಮುಚ್ಚಳ ಭದ್ರವಾಗಿರುವ ಒಣ ಡಬ್ಬಿಗೆ ತುಂಬಬೇಕು. ನೆಲವನ್ನು ಆಮೇಲೆ ಕ್ಷಾರ ಬೆರೆಸಿದ ಬ್ಲೀಚ್ ದ್ರಾವಣದಿಂದ ಒರೆಸಬೇಕು. ಪಿಎಚ್ ಹನ್ನೊಂದರ ಹತ್ತಿರ ಇರಲೇಬೇಕು, ಇಳಿದರೆ ಬ್ಲೀಚ್ ಮತ್ತು ಸೈನೈಡ್ ಸೇರಿ ಸೈನೋಜನ್ ಕ್ಲೋರೈಡ್ ಎಂಬ ಇನ್ನೊಂದು ವಿಷಾನಿಲ ಎದ್ದೀತು. ಇದು ತರಬೇತಿ ಇರುವವರ ಕೆಲಸ. ಇಲ್ಲದವರು ಬಾಗಿಲು ಎಳೆದುಕೊಂಡು ಹೊರಗೆ ಬಂದು 101ಕ್ಕೋ 112ಕ್ಕೋ ಫೋನ್ ಮಾಡುವುದೇ ಸರಿ.

ಅಲ್ಲೇ ಆಸಿಡ್ ಕೂಡ ಚೆಲ್ಲಿದ್ದರೆ ಯಾವ ಸಾಹಸವೂ ಬೇಡ, ಓಡಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ. ಬೆಂಕಿ ಬಿದ್ದರೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಳಸಬಾರದು. ಅದು ತೇವದ ಜೊತೆ ಸೇರಿ ದುರ್ಬಲ ಆಸಿಡ್ ಆಗುತ್ತದೆ, ಸೈನೈಡಿಗೆ ಅಷ್ಟೇ ಸಾಕು. ಒಣ ಪುಡಿಯ ಸಿಲಿಂಡರ್ ಇಟ್ಟುಕೊಳ್ಳಿ, ಬಂದ ಅಗ್ನಿಶಾಮಕ ಸಿಬ್ಬಂದಿಗೆ ಒಳಗೆ ಸೈನೈಡ್ ಇದೆ ಎಂದು ಮೊದಲ ಮಾತಿನಲ್ಲೇ ತಿಳಿಸಿ.

ಮನುಷ್ಯ ಬಿದ್ದಾಗ

ಸೈನೈಡ್ ರಕ್ತದಲ್ಲಿನ ಆಮ್ಲಜನಕವನ್ನು ಕಸಿಯುವುದಿಲ್ಲ. ಜೀವಕೋಶದೊಳಗೆ ಆಮ್ಲಜನಕ ಬಳಸುವ ಕಿಣ್ವವನ್ನೇ ಹಿಡಿದು ನಿಲ್ಲಿಸುತ್ತದೆ. ಎಲೆಯಲ್ಲಿ ಊಟ ಬಡಿಸಿಟ್ಟು ಉಣ್ಣುವವನ ಕೈ ಕಟ್ಟಿದ ಹಾಗೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುವುದು ಇದರಿಂದಲೇ. ಮನುಷ್ಯ ಒದ್ದಾಡುತ್ತಿದ್ದರೂ ಅದು 97, 98 ಎಂದು ತೋರಿಸಬಹುದು. ಆ ಅಂಕಿ ನೋಡಿ ಯಾರೂ ಸಮಾಧಾನಪಡಬಾರದು. ಅದೇ ಕಾಲದ ಇನ್ನೊಂದು ನೆನಪಾದ ಎನ್-95 ಮಾಸ್ಕ್ ಧೂಳು ತಡೆಯುತ್ತದೆ, ಈ ಅನಿಲವನ್ನು ಒಂದಿಷ್ಟೂ ತಡೆಯುವುದಿಲ್ಲ. ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ನುಗ್ಗುವುದೂ ವ್ಯರ್ಥ.

ತಲೆನೋವು, ತಲೆಸುತ್ತು, ಎದೆ ಬಿಗಿತ, ಏದುಸಿರು, ಗಲಿಬಿಲಿ ಮೊದಲ ಸೂಚನೆಗಳು. ಹೆಚ್ಚು ಒಳಗೆ ಹೋಗಿದ್ದರೆ ಇವುಗಳಿಗೂ ಪುರುಸೊತ್ತಿಲ್ಲ, ನಿಮಿಷಗಳಲ್ಲಿ ಸೆಳವು ಬಂದು ಕುಸಿಯುತ್ತಾರೆ. ಆಗ ಪಕ್ಕದಲ್ಲಿದ್ದವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಕುಸಿದವನನ್ನು ಎತ್ತಲು ಒಬ್ಬ, ಅವನನ್ನು ಎತ್ತಲು ಇನ್ನೊಬ್ಬ ಹೋಗಿ ಒಬ್ಬೊಬ್ಬರಾಗಿ ಬೀಳುವುದನ್ನು ಮ್ಯಾನ್‌ಹೋಲ್‌ಗಳ ಸುದ್ದಿಯಲ್ಲಿ ನಾವು ಮತ್ತೆಮತ್ತೆ ಓದಿದ್ದೇವೆ. ಅನಿಲ ಬೇರೆ, ತಪ್ಪು ಒಂದೇ. ಉಸಿರಾಟದ ಸಿಲಿಂಡರ್ ಇಲ್ಲದವರು ಒಳಗೆ ಹೋಗಬಾರದು. ಹೊರಗಿನಿಂದಲೇ ಕಿಟಕಿ ಬಾಗಿಲು ತೆರೆಯಲು ಸಾಧ್ಯವಾದರೆ ತೆರೆಯಿರಿ, ಫ್ಯಾನ್ ಹೊರಗಿನ ಸ್ವಿಚ್‌ನಿಂದ ಹಾಕಲು ಆದರೆ ಹಾಕಿ, ಕೂಗಿ ಕರೆಯಿರಿ, ತಾನೇ ನಡೆದು ಬರಬಲ್ಲನೇ ನೋಡಿ.

ಹೊರಗೆ ತಂದ ಮೇಲೆ ಗ್ಲೌಸ್ ಹಾಕಿಕೊಂಡು ಬಟ್ಟೆ ಬಿಚ್ಚಿಸಿ; ಅಂಗಿಯನ್ನು ತಲೆಯ ಮೇಲಿಂದ ಎಳೆಯದೆ ಕತ್ತರಿಸಿ ತೆಗೆಯಿರಿ. ಮೈಯನ್ನು ಧಾರಾಳ ನೀರು ಮತ್ತು ಸೋಪಿನಿಂದ ತೊಳೆಯಿರಿ. ಪುಡಿಯ ವಿಷಯದಲ್ಲಿ ನೀರು ಬೇಡ ಎಂದದ್ದು ನೆಲಕ್ಕೆ, ಮೈಗಲ್ಲ. ಕಣ್ಣಿಗೆ ಬಿದ್ದಿದ್ದರೆ ಕಾಲು ಗಂಟೆ ನೀರು ಹರಿಸಿ. ಉಸಿರು ನಿಂತಿದ್ದರೆ ಎದೆ ಒತ್ತಲು ಶುರುಮಾಡಿ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಬಾರಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಬಾರದು. ಅವರ ಬಾಯಿಯಿಂದ ವಿಷ ನಿಮಗೆ ಹತ್ತುತ್ತದೆ. ಚೀಲ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಇದ್ದರೆ, ಬಳಸಲು ಬಂದರೆ, ಅದು ಸರಿ. ಆಮ್ಲಜನಕದ ಸಿಲಿಂಡರ್ ಇದ್ದರೆ ಪೂರ್ತಿ ಪ್ರಮಾಣದಲ್ಲಿ ಕೊಡಿ.

ನುಂಗಿದವರಿಗೆ ವಾಂತಿ ಮಾಡಿಸಬೇಡಿ. ಉಪ್ಪುನೀರು, ಹುಣಸೆಹಣ್ಣು, ನಿಂಬೆರಸ, ಮಜ್ಜಿಗೆ ಏನನ್ನೂ ಕುಡಿಸಬೇಡಿ. ವಿಷ ಎಂದ ಕೂಡಲೇ ಹುಳಿ ಕೊಡುವ ಹಳೆ ಪದ್ಧತಿ ಇಲ್ಲಿ ತದ್ವಿರುದ್ಧ ಕೆಲಸ ಮಾಡೀತು, ಹುಳಿಯೂ ಆಸಿಡ್ಡೇ.

ಫೋನಿನಲ್ಲಿ 108ರವರ ಜೊತೆ ಮಾತಾಡುವಾಗ ‘ಹುಷಾರಿಲ್ಲ, ಬೇಗ ಬನ್ನಿ’ ಎಂದಷ್ಟೇ ಹೇಳಿದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಸೈನೈಡ್ ಎಂಬ ಹೆಸರು, ಮೂಗಿನಿಂದಲೋ ಬಾಯಿಂದಲೋ ಚರ್ಮದಿಂದಲೋ ಹೋದದ್ದು, ಎಷ್ಟು ಹೊತ್ತಾಯಿತು, ಎಷ್ಟು ಜನ, ಇಷ್ಟನ್ನು ಹೇಳಿ. ಡಬ್ಬಿಯ ಲೇಬಲ್ಲಿನ ಫೋಟೊ ತೆಗೆದು ಕಳಿಸಿ, ಡಬ್ಬಿಯನ್ನೇ ಆಂಬುಲೆನ್ಸಿಗೆ ಹತ್ತಿಸಬೇಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ವೈದ್ಯರೂ ಅಲ್ಲಿಗೆ ಕರೆ ಮಾಡಿ ಸಲಹೆ ಕೇಳಬಹುದು.

ಮದ್ದು ಎಲ್ಲಿದೆ ಎಂದು ಮೊದಲೇ ಕೇಳಿ

ಸೈನೈಡಿಗೆ ಮದ್ದಿಲ್ಲ ಎಂಬುದು ಇನ್ನೊಂದು ಕಾದಂಬರಿ ಮಾತು. ಮದ್ದಿದೆ, ಹೊತ್ತು ಮಾತ್ರ ಇರುವುದಿಲ್ಲ. ಹಳೆಯ ಕ್ರಮದಲ್ಲಿ ಅಮೈಲ್ ನೈಟ್ರೈಟ್ ಮೂಸಿಸಿ, ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ರಕ್ತನಾಳಕ್ಕೆ ಕೊಡುತ್ತಾರೆ. ಥಯೋಸಲ್ಫೇಟ್ ಎಂದರೆ ಹಳೆ ಫೋಟೊ ಸ್ಟುಡಿಯೊದವರ ‘ಹೈಪೋ’ವೇ. ಅದರ ಗಂಧಕವನ್ನು ಬಳಸಿ ದೇಹ ಸೈನೈಡನ್ನು ಥಯೋಸಯನೇಟ್ ಆಗಿ ಬದಲಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಹಾಗೆಂದು ಸ್ಟುಡಿಯೊ ಡಬ್ಬಿಯದು ಮದ್ದಾಗದು. ಹೊಸ ಮದ್ದು ಹೈಡ್ರಾಕ್ಸೊಕೊಬಾಲಮಿನ್, ವಿಟಮಿನ್ ಬಿ-12ರ ಬಳಗದ್ದು. ಸೈನೈಡನ್ನು ತಾನೇ ಹಿಡಿದುಕೊಂಡು ಬಿ-12 ಆಗಿ ಮಾರ್ಪಡುತ್ತದೆ, ರೋಗಿಯ ಚರ್ಮವೂ ಮೂತ್ರವೂ ಕೆಲವು ದಿನ ಕೆಂಪಾಗುತ್ತವೆ. ದೊಡ್ಡವರಿಗೆ ಮೊದಲ ಡೋಸ್ 5 ಗ್ರಾಂ. ಔಷಧ ಅಂಗಡಿಯ ಒಂದು ಮಿಲಿಗ್ರಾಂ ಬಿ-12 ಇಂಜೆಕ್ಷನ್ ಐದು ಸಾವಿರ ಬೇಕಾದಾವು!

ಈ ಮದ್ದುಗಳು ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ. ಆದ್ದರಿಂದ ಸೈನೈಡ್ ತರಿಸುವ ಘಟಕವಾಗಲಿ ಕಾಲೇಜಾಗಲಿ ಡಬ್ಬಿ ಬರುವ ಮೊದಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಕೇಳಬೇಕು: ಈ ಮದ್ದು ನಿಮ್ಮಲ್ಲಿದೆಯೇ, ಅವಧಿ ಮುಗಿದಿಲ್ಲವೇ, ರಾತ್ರಿ ಪಾಳಿಯವರಿಗೆ ಕೊಡಲು ಬರುತ್ತದೆಯೇ? ಬಂಗಾರಪೇಟೆಯಿಂದಲೋ ರಾಬರ್ಟ್‌ಸನ್‌ಪೇಟೆಯಿಂದಲೋ ಹೊರಟವರು ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಅಥವಾ ಟಮಕದ ವೈದ್ಯಕೀಯ ಕಾಲೇಜು ಆಸ್ಪತ್ರೆ ತಲುಪುವ ವೇಳೆಯನ್ನು ಹಗಲಿನ ವಾಹನ ದಟ್ಟಣೆಯಲ್ಲಿ ಲೆಕ್ಕ ಹಾಕಬೇಕು, ಭೂಪಟ ನೋಡಿ ಅಲ್ಲ. ಹತ್ತಿರದಲ್ಲೆಲ್ಲೂ ಮದ್ದು ಸಿಗದು ಎಂದಾದರೆ ತಾವೇ ತರಿಸಿ ಆ ಆಸ್ಪತ್ರೆಯಲ್ಲಿ ಇರಿಸಬೇಕು. ಅದಕ್ಕೂ ಒಲ್ಲದವರಿಗೆ ಸೈನೈಡ್ ಇಟ್ಟುಕೊಳ್ಳುವ ಅರ್ಹತೆಯಿಲ್ಲ ಎಂದೇ ನಾನು ಹೇಳುವುದು.

ದಿಬ್ಬಗಳ ಮಾತು

ದಿಬ್ಬದ ಮೇಲೆ ನಡೆದರೆ ಸೈನೈಡ್ ಹತ್ತುತ್ತದೆಯೇ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಬಿಸಿಲು, ಗಾಳಿ, ಮಳೆ, ಸೂಕ್ಷ್ಮಜೀವಿಗಳು ಸೇರಿ ಬಿಡಿ ಸೈನೈಡನ್ನು ಕಾಲಕ್ರಮದಲ್ಲಿ ಒಡೆದುಹಾಕುತ್ತವೆ. ದಶಕಗಳ ಹಿಂದೆ ಸುರಿದ ಮಣ್ಣಿನ ಮುಖ್ಯ ಕಾಟ ಧೂಳು. ನುಣ್ಣಗೆ ಅರೆದ ಬೆಣಚುಕಲ್ಲಿನ ಧೂಳು ಪುಪ್ಪಸಕ್ಕೆ ಇಳಿದರೆ ಸಿಲಿಕೋಸಿಸ್. ಗಣಿಯೊಳಗೆ ದುಡಿದವರ ಮನೆಗಳಿಗೆ ಆ ಕಾಯಿಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯ ಗಾಳಿಯಲ್ಲಿ ಮಕ್ಕಳನ್ನು ದಿಬ್ಬದಿಂದ ದೂರವಿಡಿ, ಇಲ್ಲಿ ಎನ್-95 ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ದಿಬ್ಬದ ಬುಡದ ಬಾವಿ, ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಸೈನೈಡ್ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಜೊತೆಗೆ ಭಾರಲೋಹಗಳನ್ನೂ ನೋಡಿಸುವುದು ಒಳ್ಳೆಯದು.

ದಿಬ್ಬಗಳನ್ನು ಮತ್ತೆ ಕೆದಕಿ ಹೊಸ ಸೈನೈಡ್ ಹಾಯಿಸುವುದು ಬೇರೆಯೇ ಕತೆ. ರುಮೇನಿಯಾದ ಬಾಯಾ ಮಾರೆಯಲ್ಲಿ ಹೀಗೆಯೇ ಹಳೆ ಹುಡಿಯಿಂದ ಚಿನ್ನ ತೆಗೆಯುತ್ತಿದ್ದರು. 2000ದ ಜನವರಿ 30ರ ರಾತ್ರಿ ಕಟ್ಟೆ ಒಡೆದು ಸುಮಾರು ಒಂದು ಲಕ್ಷ ಘನ ಮೀಟರ್ ಸೈನೈಡ್ ನೀರು ನದಿಗೆ ಹರಿಯಿತು, ಹಂಗರಿಯ ತಿಸಾ ನದಿಯ ಮೀನು ರಾಶಿರಾಶಿಯಾಗಿ ಸತ್ತವು. ಕೆಜಿಎಫ್‌ನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದರೆ ಎಷ್ಟು ಮಂದಿಗೆ ಕೆಲಸ ಎಂಬ ಪ್ರಶ್ನೆಯ ಜೊತೆಗೇ ಕಟ್ಟೆಯ ಎತ್ತರವೆಷ್ಟು, ತಳಕ್ಕೆ ಹಾಸುವುದೇನು, ಹೆಚ್ಚಿನ ಮಳೆ ಬಂದರೆ ನೀರು ಎತ್ತ ಹೋಗುತ್ತದೆ, ಆಸ್ಪತ್ರೆಯಲ್ಲಿ ಮದ್ದು ಯಾರು ಇಡುತ್ತಾರೆ ಎಂದೂ ಕೇಳಬೇಕು.

ಚರಂಡಿ, ರೈಲು, ಹಳೆ ಡಬ್ಬಿ

ಬಳಸಿ ಉಳಿದ ಗಿಲೀಟು ನೀರನ್ನು ಸಿಂಕಿಗೆ ಸುರಿಯುವುದು ಅಪರಾಧ, ಅದಕ್ಕಿಂತ ಮೊದಲು ಅಪಾಯ. ಅದೇ ಕೊಳವೆಯಲ್ಲಿ ಪಕ್ಕದವರು ಕಕ್ಕಸು ತೊಳೆಯಲು ಆಸಿಡ್ ಹಾಕಿದ್ದರೆ ಚರಂಡಿಯೇ ಅನಿಲದ ಕೊಳವೆಯಾಗುತ್ತದೆ. ನದಿ, ಕೆರೆಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಸೈನೈಡ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಹೆಚ್ಚಿರಬಾರದೆಂಬುದು ಪರಿಸರ ಸಂರಕ್ಷಣೆ ನಿಯಮ. ಸಣ್ಣ ಘಟಕದವರು ಮುಚ್ಚಿದ ಕ್ಯಾನಿನಲ್ಲಿ, ಕ್ಷಾರ ಸ್ಥಿತಿಯಲ್ಲಿ, ಹೆಸರು ಬರೆದು ಶೇಖರಿಸಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಿರುವ ವಿಲೇವಾರಿ ಘಟಕಕ್ಕೆ ಕೊಡಬೇಕು.

ಬೆಂಗಳೂರಿನ ಪೇಟೆಗಳಿಂದ ‘ಸ್ವಲ್ಪವೇ ತಾನೇ’ ಎಂದು ಊಟದ ಡಬ್ಬಿಯ ಪಕ್ಕದಲ್ಲಿ ಸೈನೈಡೋ ಆಸಿಡ್ಡೋ ಇಟ್ಟುಕೊಂಡು ಬಂಗಾರಪೇಟೆ ರೈಲು ಹತ್ತುವುದೂ ನಡೆಯಬಾರದು. ಸಂಜೆಯ ಮಾರಿಕುಪ್ಪಂ ಗಾಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಬಾಟಲಿ ಒಡೆದರೆ ಓಡಲು ಎಲ್ಲಿಗೆ? 1989ರ ರೈಲ್ವೆ ಕಾಯ್ದೆಯ 164ನೇ ಕಲಂ ಪ್ರಕಾರ ಅಪಾಯಕಾರಿ ಸರಕನ್ನು ಹೀಗೆ ಒಯ್ದರೆ ಮೂರು ವರ್ಷದವರೆಗೆ ಜೈಲು.

ಕಡೆಗೆ, ಈ ಊರುಗಳಿಗೇ ವಿಶೇಷವಾದ ಒಂದು ಸನ್ನಿವೇಶ. ತಾತನೋ ಮಾವನೋ ಗಣಿಯಲ್ಲೋ ಚಿನ್ನದ ಕೆಲಸದಲ್ಲೋ ಇದ್ದ ಮನೆಯನ್ನು ಖಾಲಿ ಮಾಡುವಾಗ, ಮುಚ್ಚಿದ ಲ್ಯಾಬ್ ಬೀರುವನ್ನು ತೆರೆದಾಗ, ಲೇಬಲ್ ಸವೆದ ತಗಡಿನ ಡಬ್ಬಿಯೋ ಬಿಳಿ ಹರಳಿನ ಬಾಟಲಿಯೋ ಸಿಗಬಹುದು. ಮುಚ್ಚಳ ತೆರೆದು ಮೂಸಬೇಡಿ. ಅಲ್ಲಾಡಿಸಬೇಡಿ, ತೊಳೆಯಬೇಡಿ, ಗುಜರಿಯವನಿಗೆ ಕೊಡಬೇಡಿ, ದಿಬ್ಬದ ಮೇಲೆ ಎಸೆದು ಬರಬೇಡಿ. ಇದ್ದಲ್ಲೇ ಬಿಟ್ಟು, ಹತ್ತಿರದ ಆಸಿಡ್ ಬಾಟಲಿಗಳನ್ನೂ ಮುಟ್ಟದೆ ಕೋಣೆ ಮುಚ್ಚಿ, ಮಕ್ಕಳನ್ನು ಹೊರಗೆ ಕಳಿಸಿ 112ಕ್ಕೆ ತಿಳಿಸಿ. ಕೈ ತಾಗಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದುಕೊಳ್ಳಿ. ಬಂದವರಿಗೆ ಡಬ್ಬಿ ಯಾರದ್ದು, ಅವರು ಯಾವ ಕೆಲಸದಲ್ಲಿದ್ದರು ಎಂದು ಹೇಳಿ. ಒಳಗಿರುವುದೇನೆಂದು ಊಹಿಸಲು ಲೇಬಲ್ಲಿಗಿಂತ ಅದೇ ಅವರಿಗೆ ಹೆಚ್ಚು ಅನುಕೂಲವಾಗಬಹುದು.